ಲೆಕ್ಕಕ್ಕೆ ಬಂದ ಕಲ್ಲು

ನನಗೊಂದು ಚಟವಿದೆ. ನಾಲ್ಕು ಜನ ಸೇರಿದ ಕಡೆ ಅವರು ಎಷ್ಟು ಬಗೆಯಲ್ಲಿ ಕೂರಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವ ಚಟ. ಮೊನ್ನೆ ಪರಿಚಯದ ಡಾಕ್ಟರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಎಲ್ಲ ಸೇರಿ ಎಂಟು ಜನ. ಮೇಜಿನ ಹತ್ತಿರ ಎಲ್ಲರೂ ನೀವು ಮೊದಲು, ತಾವು ಮೊದಲು ಎಂದು ನಿಂತಿದ್ದಾಗ ಮನೆಯಾಕೆ, ಹೇಗೆ ಕೂರೋಣ ಎಂದು ಕೇಳಿದರು. ನಲವತ್ತು ಸಾವಿರದ ಮುನ್ನೂರ ಇಪ್ಪತ್ತು ಬಗೆಯಲ್ಲಿ ಕೂರಬಹುದು ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಆಕೆ ಒಂದು ಕ್ಷಣ ನನ್ನನ್ನೇ ನೋಡಿ, ಮೂಲೆಯ ಕುರ್ಚಿ ತೋರಿಸಿ, ನೀವು ಅಲ್ಲಿ ಕೂತುಕೊಳ್ಳಿ ಎಂದರು. ಉಳಿದ ಏಳು ಜನ ಗಣಿತದ ಸಹಾಯವಿಲ್ಲದೆ ಆರಾಮವಾಗಿ ಕೂತರು.

ಆ ಮೂಲೆಯಲ್ಲಿ ಕೂತು ಸಾರನ್ನ ಕಲಸುವಾಗ ನನಗೆ ನಮ್ಮ ಅತ್ತೆಯ ನೆನಪಾಯಿತು. ಈ ಚಟಕ್ಕೆ ನನ್ನ ಜೀವನದಲ್ಲಿ ಸರಿಯಾದ ಪೆಟ್ಟು ಕೊಟ್ಟವರು ಅವರೊಬ್ಬರೇ. ಆದರೆ ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು. ನಿಮಗೆ ಬೇರೆ ಕೆಲಸವಿದ್ದರೆ ಮಾಡುತ್ತಲೇ ಕೇಳಿ.

ಮೈಸೂರಿನ ಕಾಲೇಜಿನಲ್ಲಿ ನಮ್ಮ ಗಣಿತದ ತರಗತಿಯಲ್ಲಿ ಐವತ್ತಾರು ಹುಡುಗರು, ನಾಲ್ಕು ಹುಡುಗಿಯರು. ಪರ್ಮ್ಯುಟೇಶನ್, ಕಾಂಬಿನೇಶನ್ ಎಂಬ ಪಾಠ ಬಂದಾಗ ನಮ್ಮ ಮೇಷ್ಟ್ರು ಅದಕ್ಕೆ ಕನ್ನಡದಲ್ಲಿ ಕ್ರಮಯೋಜನೆ, ವಿಕಲ್ಪ ಎನ್ನುತ್ತಾರೆ ಎಂದು ಬೋರ್ಡಿನ ಮೇಲೆ ಬರೆದು, ಊಟಕ್ಕೆ ಯಾರ್ಯಾರನ್ನು ಕರೆಯುವುದು ಎಂಬುದು ವಿಕಲ್ಪ, ಕರೆದವರನ್ನು ಎಲ್ಲೆಲ್ಲಿ ಕೂರಿಸುವುದು ಎಂಬುದು ಕ್ರಮಯೋಜನೆ, ಜಗಳ ಮಾತ್ರ ಎರಡರಲ್ಲೂ ಇದೆ ಎಂದರು. ನನಗೆ ಅಂದೇ ಆ ಪಾಠದ ಮೇಲೆ ಪ್ರೀತಿ ಹುಟ್ಟಿತು. ಪುಸ್ತಕದ ಲೆಕ್ಕಗಳಲ್ಲಿ ಹೆಂಗಸರು, ಗಂಡಸರು ಒಂದೇ ಸಾಲಿನಲ್ಲಿ ಬೆರೆತು ಕೂರುತ್ತಿದ್ದರು. ಇಬ್ಬರು ಹೆಂಗಸರು ಅಕ್ಕಪಕ್ಕ ಕೂರಬಾರದು ಎಂಬ ಷರತ್ತೂ ಇರುತ್ತಿತ್ತು. ನಾವು ನಾಲ್ವರು ಮಾತ್ರ ಮೊದಲ ಬೆಂಚಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು, ಮೂರು ವರ್ಷ ಒಂದೇ ಕ್ರಮದಲ್ಲಿ ಕೂತು, ಆ ಸ್ವತಂತ್ರ ಹೆಂಗಸರ ಲೆಕ್ಕ ಬಿಡಿಸಿದೆವು.

ದಿನಕ್ಕೆ ಹತ್ತು ಲೆಕ್ಕ ಬಿಡಿಸಬೇಕೆಂದು ನಾನೇ ನಿಯಮ ಮಾಡಿಕೊಂಡಿದ್ದೆ. ಪುಸ್ತಕದ ಲೆಕ್ಕ ಮುಗಿದ ದಿನ ಮನೆಯದೇ ಲೆಕ್ಕ. ಐದು ಸೀರೆ, ಮೂರು ರವಿಕೆ ಇದ್ದರೆ ಎಷ್ಟು ಬಗೆಯಲ್ಲಿ ಉಡಬಹುದು? ಗುಣಾಕಾರದ ನಿಯಮದಂತೆ ಹದಿನೈದು. ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಟ್ರಂಕು ತೆಗೆದು ನೋಡಿ, ಹಸಿರು ಸೀರೆಗೆ ಹಸಿರು ರವಿಕೆ, ನೀಲಿಗೆ ನೀಲಿ, ಮೂರನೆಯ ರವಿಕೆ ಯಾವುದಕ್ಕೂ ಹೊಂದುವುದಿಲ್ಲ, ಮಿಕ್ಕಿದ್ದಕ್ಕೆ ರವಿಕೆ ಹೊಲಿಸಬೇಕು, ಒಟ್ಟು ಎರಡೇ ಬಗೆ ಎಂದರು. ಗಣಿತಕ್ಕೂ ಸಂಸಾರಕ್ಕೂ ಹದಿಮೂರರಷ್ಟು ವ್ಯತ್ಯಾಸವಿದೆ ಎಂದು ನನಗೆ ಆಗಲೇ ತಿಳಿಯಬೇಕಿತ್ತು. ನಾನು ಎಂ.ಎಸ್ಸಿ. ಮಾಡಿದೆ.

ಮದುವೆಯಾಗಿ ಅಮೆರಿಕಕ್ಕೆ ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ಇವರಿಗೆ, ಅಂದರೆ ನನ್ನ ಗಂಡ ಶ್ರೀಕಂಠ ಅವರಿಗೆ, ಸ್ಯಾನ್ ಡಿಯೇಗೊದಲ್ಲಿ ಸಂಶೋಧನೆಯ ಕೆಲಸ. ಯೂನಿವರ್ಸಿಟಿ ಸಿಟಿಯಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು. ಆಗ ಅಲ್ಲಿ ನಮ್ಮನ್ನು ಸೇರಿಸಿ ಐದು ಕನ್ನಡ ಕುಟುಂಬಗಳಿದ್ದವು. ಎರಡೆರಡು ಕುಟುಂಬ ಒಮ್ಮೆ ಸೇರಿದರೆ ಹತ್ತು ಭೇಟಿಗಳಲ್ಲಿ ಎಲ್ಲರೂ ಎಲ್ಲರನ್ನೂ ನೋಡಿ ಮುಗಿಯುತ್ತದೆ ಎಂದು ನಾನು ವಿಕಲ್ಪದ ಸೂತ್ರ ಹಾಕಿ ಹೇಳಿದೆ. ಮುಗಿಯಲಿಲ್ಲ. ಅವರು ನಮ್ಮ ಮನೆಗೆ ಬಂದದ್ದು ಒಂದು, ನಾವು ಅವರ ಮನೆಗೆ ಹೋಗಬೇಕಾದದ್ದು ಇನ್ನೊಂದು. ನಮ್ಮವರಲ್ಲಿ ಕ್ರಮ ಮುಖ್ಯ. ಇಪ್ಪತ್ತು ಶನಿವಾರ ಯಾರದಾದರೊಂದು ಮನೆಯಲ್ಲಿ ಬಿಸಿಬೇಳೆಭಾತು ಆದ ಮೇಲೆ ಅದು ವಿಕಲ್ಪವಲ್ಲ, ಕ್ರಮಯೋಜನೆ ಎಂದು ಒಪ್ಪಿಕೊಂಡೆ.

ನನಗೆ ಸಿಕ್ಕ ಕೆಲಸ ಯೂನಿವರ್ಸಿಟಿಯಲ್ಲಿ ಉತ್ತರಪತ್ರಿಕೆ ತಿದ್ದುವುದು. ಪಾಠ ಬೇರೆಯವರದು, ಕೆಂಪು ಪೆನ್ನು ನನ್ನದು. ಹತ್ತು ಜನರಿಂದ ಮೂರು ಜನರ ಸಮಿತಿಯನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬ ಪ್ರಶ್ನೆಗೆ ಒಬ್ಬ ಹುಡುಗ, ಸರಿಯಾಗಿ ಗೊತ್ತಿಲ್ಲ, ಆದರೆ ಬಹಳ, ಎಂದು ಬರೆದಿದ್ದ. ಪ್ರಾಮಾಣಿಕತೆಗೆ ಒಂದು ಅಂಕ ಕೊಟ್ಟೆ. ಆರು ವರ್ಷ ಹೀಗೇ ಕಳೆಯಿತು. ಮಗಳು ಸುಮಾ ಹುಟ್ಟಿ, ಬೆಳೆದು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಹೇಳುವ ವಯಸ್ಸಿಗೆ ಬಂದಳು. ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವ ಆಸೆ ಮಾತ್ರ ಹಾಗೇ ಉಳಿದಿತ್ತು. ಎಲ್ಲೆಲ್ಲಿಗೋ ಅಪ್ಲೈ ಮಾಡಿದೆ. ಎಲ್ಲ ಕಡೆಯಿಂದಲೂ ಬಹಳ ಸಭ್ಯವಾದ ಕಾಗದಗಳು ಬಂದವು.

ಅಷ್ಟರಲ್ಲಿ ಇವರ ಸಂಶೋಧನೆ ಮುಗಿದು ಸ್ಯಾನ್ ಪೀಡ್ರೊ ಬಂದರಿನ ಒಂದು ಹಡಗು ಕಂಪನಿಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು. ನಮ್ಮ ಮನೆಯಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ಎಲ್ಲರೂ ಅಲ್ಲಿಗೇ ಹೋಗೋಣ ಎಂದರು ಇವರು. ಇನ್ನೊಂದು ಊರಿಗೆ ಬರೀ ಹೆಂಡತಿಯಾಗಿ ನಾನು ಬರುವುದಿಲ್ಲ, ಅಲ್ಲಿ ನನಗೊಂದು ಕರಿಹಲಗೆ ಸಿಗಲಿ, ಆಮೇಲೆ ನೋಡೋಣ ಎಂದೆ. ಇಷ್ಟು ಗಟ್ಟಿಯಾಗಿ ಹೇಳಿದ್ದು ನಾನೇ ಎಂದು ನನಗೇ ಆಶ್ಚರ್ಯ. ಇವರು ಜಗಳವಾಡಲಿಲ್ಲ. ಸೋಮವಾರ ಹೋಗಿ ಒಂದು ಬಾಡಿಗೆ ಕೋಣೆಯಲ್ಲಿದ್ದು ಶುಕ್ರವಾರ ಬರುವುದು ಎಂದಾಯಿತು. ಸುಮಾ ವಾರವಿಡೀ ಅಪ್ಪ ಎಲ್ಲಿ ಎಂದು ಕೇಳುವಳು. ನನ್ನ ಹಟದ ಬೆಲೆಯನ್ನು ಮಗು ತೆರುತ್ತಿದೆ ಎಂದು ನನಗೆ ಗೊತ್ತಿತ್ತು, ಆದರೂ ಬಿಡಲಿಲ್ಲ.

ಆ ವರ್ಷವೇ ಅತ್ತೆ ಬಂದದ್ದು. ಮಾವ ತೀರಿಕೊಂಡು ವರ್ಷವಾಗಿತ್ತು. ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದ, ಒಂದು ಮಾತಿಗೆ ಇನ್ನೊಂದು ಸೇರಿಸದ ಹೆಂಗಸು. ನನ್ನ ಎಣಿಕೆಗೂ ಅವರ ಎಣಿಕೆಗೂ ತಾಳೆಯೇ ಇರಲಿಲ್ಲ. ಅಕ್ಕಿ ಅಳೆಯುವಾಗ ಒಂದು ಎನ್ನುತ್ತಿರಲಿಲ್ಲ. ಲಾಭ, ಎರಡು, ಮೂರು ಎಂದೇ ಶುರು. ಸುಮಾ ಅದನ್ನು ಕಲಿತು ಸ್ಕೂಲಿನಲ್ಲಿ ಲಾಭ, ಟೂ, ತ್ರೀ ಎಂದು ಎಣಿಸಿ, ಅವಳ ಟೀಚರು ನನಗೆ ಫೋನ್ ಮಾಡಿದ್ದರು. ತಟ್ಟೆಗೆ ಮೂರು ಹೋಳಿಗೆ ಬಡಿಸಬಾರದು, ಎರಡು ಬಡಿಸಿ ಆಮೇಲೆ ಎರಡು. ಯಾರು ಎಷ್ಟು ದೋಸೆ ತಿಂದರೆಂದು ಎಣಿಸಬಾರದು. ಒಳ್ಳೆಯ ಕೆಲಸಕ್ಕೆ ಮೂರು ಜನ ಒಟ್ಟಿಗೆ ಹೊರಡಬಾರದು. ಹೊರಡಲೇಬೇಕಾದರೆ ಒಂದು ಕಲ್ಲನ್ನು ಜೊತೆಗೆ ಇಟ್ಟುಕೊಂಡರೆ ಅದು ನಾಲ್ಕನೆಯವರ ಲೆಕ್ಕ. ಈ ಕೊನೆಯದನ್ನು ನಮ್ಮ ಅಮ್ಮನೂ ಪಾಲಿಸುತ್ತಿದ್ದುದರಿಂದ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ವಸಂತದಲ್ಲಿ ಒಂದು ಕಾಗದ ಬಂತು. ಸ್ಯಾನ್ ಪೀಡ್ರೊ ಹತ್ತಿರದ ಒಂದು ಸಣ್ಣ ಕಾಲೇಜಿನಿಂದ. ಬಂದರಿನಲ್ಲಿ ದುಡಿಯುವವರಿಗಾಗಿ ಶನಿವಾರವೂ ತರಗತಿ ನಡೆಸುವ ಕಾಲೇಜು. ಒಂದು ಶನಿವಾರ ಹನ್ನೊಂದು ಗಂಟೆಗೆ ಬಂದು ನಿಜವಾದ ವಿದ್ಯಾರ್ಥಿಗಳ ಮುಂದೆ ಒಂದು ಮಾದರಿ ಪಾಠ ಮಾಡಬೇಕು. ಪಾಠ ಪರ್ಮ್ಯುಟೇಶನ್, ಕಾಂಬಿನೇಶನ್. ಒಪ್ಪಿಗೆಯಾದರೆ ಸೆಪ್ಟೆಂಬರಿನಿಂದ ಕೆಲಸ. ನಾನು ಆ ಕಾಗದವನ್ನು ಮೂರು ಸಲ ಓದಿದೆ. ಸಿಕ್ಕರೆ ಎಲ್ಲರೂ ಒಂದೇ ಮನೆಯಲ್ಲಿರಬಹುದು. ಸಿಗದಿದ್ದರೆ ನನ್ನ ಕೆಂಪು ಪೆನ್ನು, ಇವರ ಬಾಡಿಗೆ ಕೋಣೆ, ಸುಮಾಳ ಪ್ರಶ್ನೆ.

ಹತ್ತು ದಿನ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆ. ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದ ಅತ್ತೆಯೇ ತರಗತಿ. ಎಂಟು ಜನರಲ್ಲಿ ಮೂರು ಜನರನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂದು ಕೇಳಿದರೆ, ಯಾವ ಕೆಲಸಕ್ಕೆ ಎಂದು ಮೊದಲು ತಿಳಿಯಬೇಕೆಂದರು. ಕೆಲಸ ಯಾವುದಾದರೂ ಆಗಲಿ ಎಂದೆ. ಹಾಗಾದರೆ ಯಾರೂ ಬರುವುದಿಲ್ಲ ಎಂದರು. ಐವರು ಸಾಲಾಗಿ ಕೂರಬೇಕು, ಅದರಲ್ಲಿ ಇಬ್ಬರು ಅಕ್ಕಪಕ್ಕ ಕೂರಲಾರರು, ಎಷ್ಟು ಬಗೆ? ಆ ಇಬ್ಬರಿಗೆ ಏನು ಮನಸ್ತಾಪ, ರಾಜಿ ಮಾಡಿಸಿದರೆ ಆಗದೇ ಎಂದು ಕೇಳಿದರು. ನಾನು ತಾಳ್ಮೆಯಿಂದ ಇಬ್ಬರನ್ನು ಒಂದು ಗಂಟು ಎಂದು ಭಾವಿಸಿ, ಒಟ್ಟು ನೂರಿಪ್ಪತ್ತರಿಂದ ನಲವತ್ತೆಂಟನ್ನು ಕಳೆದು, ಎಪ್ಪತ್ತೆರಡು ಎಂದು ತೋರಿಸಿದೆ. ಅತ್ತೆ ಮೆಚ್ಚಿ, ಎಪ್ಪತ್ತೆರಡು ಸಲ ಎದ್ದು ಕೂತರೆ ಯಾರಾದರೂ ರಾಜಿಯಾಗುತ್ತಾರೆ ಎಂದರು. ಆ ಕಾಲೇಜಿನ ವಿದ್ಯಾರ್ಥಿಗಳು ಇವರಿಗಿಂತ ಕಷ್ಟದವರಾಗಿರಲಾರರು ಎಂಬ ಧೈರ್ಯ ಬಂತು.

ಆ ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಡುವುದೆಂದು ಅತ್ತೆಯೇ ಗೊತ್ತುಮಾಡಿದ್ದರು. ಒಂಬತ್ತಕ್ಕೆ ರಾಹುಕಾಲ. ಊರಿನಲ್ಲಿ ಈಗ ಶನಿವಾರದ ರಾಹುಕಾಲ ಎಂದೋ ಮುಗಿದು ಜನ ರಾತ್ರಿಯ ಅಡುಗೆಗೆ ಕೂತಿದ್ದಾರೆ ಎಂದು ಇವರು ತಮಾಷೆ ಮಾಡಿದರೆ, ಅಲ್ಲಿ ಮುಗಿಸಿಕೊಂಡು ಇಲ್ಲಿಗೆ ಬರುತ್ತದೆ ಎಂದರು ಅತ್ತೆ. ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು, ಟಿಪ್ಪಣಿಯ ಹಾಳೆ ಹಿಡಿದು ಕೆಳಗಿಳಿದಾಗ ಅವರು ಎಲ್ಲರಿಗಿಂತ ಮೊದಲೇ ಕಾರಿನ ಹಿಂದಿನ ಸೀಟಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಎಂಥ ಶಿಸ್ತು ಎಂದುಕೊಂಡೆ. ತೊಡೆಯ ಮೇಲೆ ಅವಲಕ್ಕಿ ಡಬ್ಬಿ, ಅದರ ಮೇಲೆ ಅಪಾರ್ಟ್‌ಮೆಂಟಿನವರು ಹೂಪಾತಿಯಲ್ಲಿ ಅಲಂಕಾರಕ್ಕೆ ಇಟ್ಟಿದ್ದ ಒಂದು ಬಿಳಿ ಕಲ್ಲು. ನೀವು ಮೂರು ಜನ ಆಗುತ್ತೀರಲ್ಲ, ಅದಕ್ಕೆ ಇಟ್ಟುಕೊಂಡಿದ್ದೇನೆ ಎಂದರು. ಸರಿ, ನಾಲ್ಕಾಯಿತು ಎಂದು ಹೇಳಿ ನಾನು ಮುಂದೆ ಕೂತು ಟಿಪ್ಪಣಿ ತೆರೆದೆ. ಇವರೂ ತಲೆಯಾಡಿಸಿ ಕಾರು ಶುರು ಮಾಡಿದರು. ನಾನು ಎಂ.ಎಸ್ಸಿ., ಇವರು ಹಡಗಿಗೆ ಏರುವ ಪೆಟ್ಟಿಗೆಗಳ ಲೆಕ್ಕ ನೋಡುವವರು. ಲೆಕ್ಕ ಇಬ್ಬರಿಗೂ ಒಪ್ಪಿಗೆಯಾಯಿತು.

ಕಾಲೇಜಿನ ಹೊರಗೆ ನೇರಳೆ ಹೂ ಬಿಟ್ಟ ಮರದ ಕೆಳಗೆ ಅವರನ್ನೆಲ್ಲ ಬಿಟ್ಟು ನಾನು ಒಳಗೆ ಹೋದೆ. ಇಪ್ಪತ್ತು ವಿದ್ಯಾರ್ಥಿಗಳಿದ್ದರು. ಹೆಚ್ಚಿನವರು ನನಗಿಂತ ದೊಡ್ಡವರು, ಹಡಗುಕಟ್ಟೆಯಲ್ಲಿ ಸಾಮಾನು ಇಳಿಸಿ ಏರಿಸಿ ಭುಜ ಅಗಲವಾದವರು. ಹಿಂದಿನ ಸಾಲಿನಲ್ಲಿ ಮೂವರು ಪರೀಕ್ಷಕರು. ನಡುವೆ ಕೂತಿದ್ದ, ಬೋ ಟೈ ಕಟ್ಟಿದ ವಯಸ್ಸಾದ ಪ್ರೊಫೆಸರೇ ವಿಭಾಗದ ಮುಖ್ಯಸ್ಥರು. ನಾನು ಗುಣಾಕಾರದ ನಿಯಮದಿಂದ ಶುರು ಮಾಡಿದೆ. ಐದು ನಿಮಿಷದಲ್ಲಿ ಅಂಜಿಕೆ ಹೋಯಿತು. ಹತ್ತು ನಿಮಿಷದಲ್ಲಿ ನಾನು ಹುಟ್ಟಿದ್ದೇ ಇದಕ್ಕೆ ಅನ್ನಿಸಿತು. ಆಗ ಮುಖ್ಯಸ್ಥರು ಕೈಯೆತ್ತಿ, ಪುಸ್ತಕದ ಲೆಕ್ಕ ಸಾಕು, ಇವತ್ತು ಬೆಳಿಗ್ಗೆ ನಿಮಗೇ ಆದದ್ದರಿಂದ ಒಂದು ಲೆಕ್ಕ ಕಟ್ಟಿ ತೋರಿಸುತ್ತೀರಾ ಎಂದು ಕೇಳಿದರು.

ಮನೆಯ ಸೀರೆ ರವಿಕೆಯಲ್ಲಿ ಲೆಕ್ಕ ಕಟ್ಟಿದವಳಿಗೆ ಇದೇನು ಮಹಾ. ಬೋರ್ಡಿನ ಮೇಲೆ ಕಾರು ಬರೆದೆ. ಮುಂದೆ ಎರಡು ಸೀಟು, ಹಿಂದೆ ಎರಡು. ಈ ದಿನ ನಾವು ನಾಲ್ಕು ಜನ ಬಂದೆವು ಎಂದು ನಾಲ್ಕು ಅಕ್ಷರ ಬರೆದೆ. ಗಂಡ, ನಾನು, ಮಗಳು, ಕಲ್ಲು. ಕಲ್ಲು ಯಾಕೆಂದು ವಿವರಿಸಿದೆ. ನಮ್ಮಲ್ಲಿ ಮೂವರು ಹೊರಡುವುದಿಲ್ಲ, ಅದಕ್ಕೆ ಈ ನಾಲ್ಕನೆಯವರು. ತರಗತಿ ನಕ್ಕಿತು. ಆ ನಗು ನನಗೆ ಹಿತವಾಗಿತ್ತು, ಇನ್ನೊಂದಿಷ್ಟು ಬೇಕೆನಿಸಿತು. ಕಲ್ಲಿಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲ, ಮಗಳಿಗೂ ಇಲ್ಲ, ಆದ್ದರಿಂದ ಡ್ರೈವರ್ ಸೀಟಿಗೆ ಇಬ್ಬರಲ್ಲಿ ಒಬ್ಬರು, ಉಳಿದ ಮೂರು ಸೀಟಿಗೆ ಉಳಿದ ಮೂವರು ಆರು ಬಗೆಯಲ್ಲಿ, ಎರಡನ್ನು ಆರರಿಂದ ಗುಣಿಸಿದರೆ ಹನ್ನೆರಡು. ಹನ್ನೆರಡರ ಸುತ್ತ ದೊಡ್ಡ ಚೌಕ ಎಳೆದೆ. ಮುಖ್ಯಸ್ಥರು ಸಂತೋಷದಿಂದ ಚಪ್ಪಾಳೆ ತಟ್ಟಿ, ಆ ಸಂಸಾರ ಬಿಸಿಲಲ್ಲಿ ಯಾಕೆ ಕಾಯಬೇಕು, ಕರೆಯಿರಿ ಎಂದು ಒಬ್ಬರನ್ನು ಕಳಿಸಿದರು.

ಇವರು ಬಂದರು, ಹಿಂದೆ ಸುಮಾ ಬಂದಳು, ಅವಳ ಹಿಂದೆ ಡಬ್ಬಿ, ಕಲ್ಲು ಹಿಡಿದುಕೊಂಡು ಅತ್ತೆ ಬಂದು ಬಾಗಿಲ ಹತ್ತಿರವೇ ನಿಂತರು. ಮೊದಲ ಸಾಲಿನಲ್ಲಿ ಟೋನಿ ಎಂಬ ಕ್ರೇನ್ ಓಡಿಸುವವನು ಕೂತಿದ್ದ. ಅವನು ಬೋರ್ಡು ನೋಡಿದ, ಬಾಗಿಲು ನೋಡಿದ, ಬೆರಳಲ್ಲಿ ಎಣಿಸಿದ.

"ಮೇಡಂ, ಆ ಹಿರಿಯರನ್ನು ಯಾವ ಸೀಟಿನಲ್ಲಿ ಕೂರಿಸಿದಿರಿ?" ಎಂದು ಕೇಳಿದ.

ಕೆಣಕುವುದಕ್ಕೆ ಕೇಳಿದ್ದಲ್ಲ, ಪಾಪ. ಅವನಿಗೆ ನಿಜವಾಗಿ ಗೊತ್ತಾಗಲಿಲ್ಲ. ನಾನು ಬೋರ್ಡಿನ ಕಡೆ ತಿರುಗಿದೆ. ಗಂಡ, ನಾನು, ಮಗಳು, ಕಲ್ಲು. ಅತ್ತೆ ಇರಲಿಲ್ಲ. ನೂರು ಮೈಲಿ ನನ್ನ ಬೆನ್ನ ಹಿಂದೆಯೇ ಕೂತು, ದಾರಿಯಲ್ಲಿ ಎರಡು ಸಲ ಅವಲಕ್ಕಿ ಕೊಟ್ಟ ಹೆಂಗಸು ನನ್ನ ಲೆಕ್ಕದಲ್ಲಿ ಇರಲಿಲ್ಲ. ಕಲ್ಲು ಇತ್ತು. ನಾವು ಮೊದಲೇ ನಾಲ್ಕು ಜನ ಇದ್ದೆವು. ಹಾಗಾದರೆ ಕಲ್ಲು ಯಾಕೆ? ನನಗೆ ಇಂಗ್ಲಿಷು ಹೋಗಿ ಕನ್ನಡವೇ ಬಂತು. ಅಷ್ಟು ಜನರ ಮುಂದೆಯೇ ಕೇಳಿದೆ, ನಾವು ನಾಲ್ಕು ಜನ ಇದ್ದೆವಲ್ಲ, ನೀವು ಕಲ್ಲು ಯಾಕೆ ತಂದಿರಿ ಎಂದು.

"ನನ್ನ ಯಾಕೆ ಎಣಿಸ್ತೀಯೇ ವಿಶಾಲು," ಎಂದರು ಅತ್ತೆ. "ಒಳ್ಳೇ ಕೆಲಸಕ್ಕೆ ಹೊರಟಾಗ ನಾನು ಲೆಕ್ಕಕ್ಕಿಲ್ಲ. ನೀವು ಮೂರೇ ಜನ."

ದುಃಖದಿಂದ ಹೇಳಲಿಲ್ಲ. ಒಲೆ ಆರಿಸಿದ್ದೇನೆ ಎನ್ನುವ ಹಾಗೆ ಹೇಳಿದರು. ಗಂಡ ಹೋದವರು ಶುಭಕಾರ್ಯಕ್ಕೆ ಹೊರಟವರ ಎದುರಿಗೆ ಬರಬಾರದು ಎಂಬುದು ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ಪಾಲಿಸುವ ಮಾತು. ನಾವು ಎಲ್ಲಿಗೆ ಹೊರಟರೂ ಅತ್ತೆ ಆ ಹೊತ್ತಿಗೇ ಅಡುಗೆಮನೆಯಲ್ಲಿ ಏನೋ ಕೆಲಸ ಹಚ್ಚಿಕೊಳ್ಳುತ್ತಿದ್ದುದು, ಈ ಬೆಳಿಗ್ಗೆ ಮೊದಲೇ ಹೋಗಿ ಮುಖ ತಿರುಗಿಸಿ ಕೂತದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಅವರು ತಮ್ಮನ್ನು ಬಿಟ್ಟು ಎಣಿಸಿದ್ದರು. ಎಣಿಕೆಯ ಪಾಠ ಹೇಳಲು ಬಂದಿದ್ದ ನಾನು ಅದನ್ನು ಹಾಗೇ ನಕಲು ಮಾಡಿದ್ದೆ.

ಮುಖ್ಯಸ್ಥರು, ಅವರು ಏನು ಹೇಳಿದರು ಎಂದು ಕುತೂಹಲದಿಂದ ಕೇಳಿದರು. ಅದೃಷ್ಟಕ್ಕಾಗಿ ತಂದರಂತೆ ಎಂದು ಹೇಳಿದೆ. ಕೆಲಸ ಬೇಕಿತ್ತು. ಈ ಜನರ ಮುಂದೆ ನಮ್ಮ ಮನೆಯ ಈ ಮಾತನ್ನು ಬಿಚ್ಚಲು ಮನಸ್ಸೂ ಬರಲಿಲ್ಲ. ಯಾವುದು ಎಷ್ಟು ಪಾಲು ಎಂದು ಈಗ ಹೇಳಲಾರೆ. ಆದರೆ ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು. ಸುಳ್ಳು ಹೇಳಬಾರದು ಎಂದು ಕಲಿಸಿದವಳೂ ನಾನೇ.

"ನೋ ಮಾಮ್," ಎಂದಳು ಸುಮಾ, ಎಲ್ಲರಿಗೂ ಕೇಳುವ ಹಾಗೆ. "ಅಜ್ಜಿ ಸೆಡ್ ಶಿ ಡಸಂಟ್ ಕೌಂಟ್."

ಇಂಗ್ಲಿಷಿನಲ್ಲಿ ಆ ಮಾತಿಗೆ ಎರಡರ್ಥ. ಲೆಕ್ಕಕ್ಕಿಲ್ಲ ಎಂದೂ ಆಗುತ್ತದೆ, ಲೆಕ್ಕ ಮಾಡುವುದಿಲ್ಲ ಎಂದೂ ಆಗುತ್ತದೆ. ತರಗತಿ ಎರಡನೆಯ ಅರ್ಥ ಹಿಡಿದು ಜೋರಾಗಿ ನಕ್ಕಿತು. ನಾವೂ ಅಷ್ಟೇ, ಅದಕ್ಕೇ ಈ ಕ್ಲಾಸಿಗೆ ಬಂದಿದ್ದೇವೆ ಎಂದು ಯಾರೋ ಕೂಗಿದರು. ಎಲ್ಲರೂ ತಮ್ಮ ಕಡೆ ನೋಡಿ ನಗುತ್ತಿದ್ದಾರೆ ಎಂದು ಅತ್ತೆಯೂ ಮರ್ಯಾದೆಗೆ ನಕ್ಕು, ಕೈಮುಗಿದರು. ನಾನು ತಿದ್ದಬಹುದಿತ್ತು. ಆರು ವರ್ಷ ಕಂಡಕಂಡದ್ದನ್ನೆಲ್ಲ ಕೆಂಪು ಪೆನ್ನಿನಿಂದ ತಿದ್ದಿದವಳು ಅದೊಂದನ್ನು ತಿದ್ದಲಿಲ್ಲ. ಬೋರ್ಡಿನ ಮೇಲಿದ್ದ ಕಲ್ಲಿನ ಅಕ್ಷರ ಅಳಿಸಿ ಅಲ್ಲಿ ಅತ್ತೆಯ ಅಕ್ಷರ ಬರೆದೆ. ಅವರಿಗೂ ಲೈಸೆನ್ಸ್ ಇಲ್ಲ, ಉತ್ತರ ಬದಲಾಗುವುದಿಲ್ಲ, ಹನ್ನೆರಡೇ ಎಂದೆ.

ಕೆಲಸ ಸಿಕ್ಕಿತು. ಎಣಿಸುವವರು ಮಾಡುವ ಮೊದಲ ತಪ್ಪು ಯಾರನ್ನಾದರೂ ಬಿಟ್ಟುಬಿಡುವುದು, ಅದನ್ನು ಬೇಕೆಂದೇ ಮಾಡಿ ಇಷ್ಟು ಸೊಗಸಾಗಿ ತೋರಿಸಿದವರನ್ನು ನಾನು ನೋಡಿರಲಿಲ್ಲ ಎಂದು ಮುಖ್ಯಸ್ಥರು ಕೈ ಕುಲುಕಿ, ಸೆಪ್ಟೆಂಬರಿನಲ್ಲಿ ನೋಡೋಣ ಎಂದರು. ಬೇಕೆಂದೇ ಮಾಡಿದ್ದಲ್ಲ ಎಂದು ಹೇಳಲಿಲ್ಲ. ಒಂದೇ ಗಂಟೆಯಲ್ಲಿ ಅದು ನಾನು ತಿದ್ದದೆ ಬಿಟ್ಟ ಎರಡನೆಯ ತಪ್ಪು.

ವಾಪಸು ಬರುವಾಗ ಕಾರಿನಲ್ಲಿ ಎಲ್ಲರಿಗೂ ಸಂತೋಷ. ಇವರು ಸ್ಯಾನ್ ಪೀಡ್ರೊದಲ್ಲಿ ಯಾವ ಬೀದಿಯಲ್ಲಿ ಮನೆ ನೋಡಬೇಕೆಂದು ಮಾತಾಡುತ್ತಿದ್ದರು. ಸುಮಾಳಿಗೆ ಅಪ್ಪ ಇನ್ನು ವಾರವಿಡೀ ಸಿಗುತ್ತಾನೆಂಬ ಖುಷಿ. ನಾನು ಗೆದ್ದು ಬಂದವಳ ಮುಖ ಮಾಡಿಕೊಂಡು ಕಿಟಕಿಯ ಹೊರಗೆ ಸಮುದ್ರ ನೋಡುತ್ತಿದ್ದೆ. ಅರ್ಧ ದಾರಿಯಲ್ಲಿ ಅತ್ತೆ ಹಿಂದಿನಿಂದ, ಬೋರ್ಡಿನ ಮೇಲೆ ಏನೋ ಅಳಿಸಿ ಬರೆದೆಯಲ್ಲ, ಏನದು ಎಂದು ಕೇಳಿದರು. ನಿಮ್ಮನ್ನು ಸೇರಿಸಿದೆ ಎಂದೆ.

"ಸೇರಿಸಿದ ಮೇಲೆ ಎಷ್ಟು ಬಂತು?"

"ಹನ್ನೆರಡು."

"ಮೊದಲು ಎಷ್ಟಿತ್ತು?"

"ಹನ್ನೆರಡು."

ಅತ್ತೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಸರಿ ಮತ್ತೆ," ಎಂದರು. ಅಷ್ಟೇ. ತಾವು ಹೇಳಿದ್ದು ಸರಿಯಾಗಿತ್ತು ಎಂಬ ಸಮಾಧಾನ ಆ ದನಿಯಲ್ಲಿತ್ತು.

ಕಲ್ಲು ಕೂತರೂ ಹನ್ನೆರಡು, ಅತ್ತೆ ಕೂತರೂ ಹನ್ನೆರಡು, ಗಣಿತಕ್ಕೆ ಇಬ್ಬರೂ ಒಂದೇ. ನಾನು ಜೀವಮಾನವಿಡೀ ಪ್ರೀತಿಸಿದ ವಿದ್ಯೆ ಆ ಹೆಂಗಸಿನ ಮಾತಿಗೆ ಹೂಂಗುಟ್ಟಿತ್ತು. ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಹಿಂದಕ್ಕೆ ತಿರುಗಿ, ಸ್ವಲ್ಪ ಜೋರಾಗಿಯೇ ಹೇಳಿದೆ. "ನಿಮಗೆ ಡ್ರೈವ್ ಮಾಡೋಕೆ ಬಂದಿದ್ರೆ ಹದಿನೆಂಟು ಬರ್ತಿತ್ತು ಅತ್ತೆ. ಸುಮ್ನೆ ಅಲ್ಲ, ಆರು ಜಾಸ್ತಿ."

ಇವರು ನಕ್ಕರು. ಅರವತ್ತು ದಾಟಿದ ತಾಯಿ ಫ್ರೀವೇಯಲ್ಲಿ ಕಾರು ಓಡಿಸುವ ಚಿತ್ರ ಅವರಿಗೆ ತಮಾಷೆಯಾಗಿ ಕಂಡಿರಬೇಕು. ಸುಮಾಳೂ ನಕ್ಕಳು. ಅತ್ತೆ ನಗಲಿಲ್ಲ. ಹದಿನೆಂಟು ಹೇಗೆ ಎಂದು ಕೇಳಿದರು. ಮೂವರಲ್ಲಿ ಯಾರು ಬೇಕಾದರೂ ಓಡಿಸಬಹುದು, ಉಳಿದವರು ಆರು ಬಗೆಯಲ್ಲಿ ಕೂರುತ್ತಾರೆ, ಮೂರಾರಲ ಹದಿನೆಂಟು ಎಂದೆ. ಮಗ್ಗಿ ಸರಿಯಾಗಿದೆ ಎಂದು ಒಪ್ಪಿದರು.

ಸ್ವಲ್ಪ ದೂರ ಹೋದ ಮೇಲೆ ಫ್ರೀವೇ ಪಕ್ಕದ ರೆಸ್ಟ್ ಏರಿಯಾ ಒಂದರಲ್ಲಿ ನಿಲ್ಲಿಸಿದೆವು. ಅತ್ತೆ ಕಾರಿನ ಹತ್ತಿರವೇ ಇರುತ್ತೇನೆಂದರು. ನಾನು ಸುಮಾಳನ್ನು ಬಾತ್‌ರೂಮಿಗೆ ಕರೆದುಕೊಂಡು ಹೋದೆ, ಇವರು ನೀರು ತುಂಬಿಸಲು ಹೋದರು. ನಾವು ಮೂವರೂ ತಿರುಗಿ ಬಂದಾಗ ಹಿಂದಿನ ಸೀಟು ಖಾಲಿಯಿತ್ತು. ಅತ್ತೆ ಮುಂದೆ ಕೂತಿದ್ದರು, ಎಡಗಡೆ, ಸ್ಟಿಯರಿಂಗ್ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

ನಮ್ಮ ಊರಿನಿಂದ ಬಂದವರೆಲ್ಲ ಮೊದಮೊದಲು ಮಾಡುವ ತಪ್ಪು ಇದು. ಅಲ್ಲಿ ಡ್ರೈವರ್ ಬಲಗಡೆ, ಮುಂದೆ ಕೂರುವ ಅತಿಥಿ ಎಡಗಡೆ. ಇಲ್ಲಿ ತಿರುಗಾಮುರುಗಾ. ನಾನೂ ಮಾಡಿದ್ದೇನೆ. ಜೀವನದಲ್ಲಿ ಮೊದಲ ಸಲ ಅತ್ತೆಗೆ ಮುಂದೆ ಕೂರಬೇಕು ಅನ್ನಿಸಿದಾಗ ಪಾಪ ಹೀಗಾಯಿತಲ್ಲ, ಇವರು ನಗದಿದ್ದರೆ ಸಾಕು ಎಂದುಕೊಂಡೆ. ಇವರು ನಗಲಿಲ್ಲ. ಕಿಟಕಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು.

"ಅಮ್ಮಾ, ಅದು ಡ್ರೈವರ್ ಸೀಟು."

"ಗೊತ್ತು ಕಣೋ," ಎಂದರು ಅತ್ತೆ, ಎರಡು ಕೈಯನ್ನೂ ಸ್ಟಿಯರಿಂಗ್ ಮೇಲಿಂದ ತೆಗೆಯದೆ. "ಆ ಜಾಸ್ತಿ ಆರು ಎಲ್ಲಿದೆ ನೋಡೋಣ ಅಂತ ಕೂತೆ."